ಸಂಗೀತದ ಪಿಎಚ್‌ಡಿಗೆ ಪಳಗಿದ ಕಿವಿ ಸಾಕಾಗಲ್ವಾ? ಸಂಶೋಧನಾ ವಿಧಾನದ ಬಗ್ಗೆ ಸಲಹೆ ಬೇಕು

ನಾದಲೋಲೆ

ಎಲ್ಲರಿಗೂ ನಮಸ್ಕಾರ. ಸಂಗೀತದಲ್ಲಿ ಪಿಎಚ್‌ಡಿಗೆ ಸೇರಿದ್ದೇನೆ. ಚಿಕ್ಕಂದಿನಿಂದ ಹಾಡಿಕೊಂಡು ಬಂದವಳು, ಕಛೇರಿಗಳನ್ನೂ ಕೊಡುತ್ತೇನೆ. ನನ್ನ ವಿಷಯ ಇದು: ಒಂದೇ ರಚನೆಯನ್ನು ಮೂರು ತಲೆಮಾರಿನ ಗಾಯಕರು ಹಾಡಿದಾಗ ಏನು ಬದಲಾಗಿದೆ, ಏನು ಉಳಿದಿದೆ. ಹಳೆಯ ಧ್ವನಿಮುದ್ರಣಗಳು ಸಾಕಷ್ಟು ಸಿಕ್ಕಿವೆ. ಈಗ ಹಾಡುತ್ತಿರುವವರನ್ನು ಮಾತಾಡಿಸಲೂಬಹುದು.

ತೊಂದರೆ ಶುರುವಾಗಿದ್ದು ಮೊದಲ ಮಂಡನೆಯಲ್ಲಿ. ವಿಧಾನದ ಕೆಳಗೆ "ಕೇಳಿ ಹೋಲಿಸುತ್ತೇನೆ" ಅಂತ ಬರೆದಿದ್ದೆ. ಸಮಿತಿಯವರೊಬ್ಬರು "ರಸಿಕರು ಮಾಡುವುದೂ ಇದನ್ನೇ, ಇದು ವಿಧಾನ ಅಲ್ಲ" ಅಂದರು. ಇನ್ನೊಬ್ಬರು ಸಾಫ್ಟ್‌ವೇರ್ ಬಳಸಿ ಅಂದರು. ಮೂರನೆಯವರು ಸಂದರ್ಶನ ಮಾಡಿ, ಪ್ರಶ್ನಾವಳಿ ಹಂಚಿ ಅಂದರು. ಮೂರನ್ನೂ ಮಾಡಿದರೆ ಮೂರು ಪ್ರಬಂಧ ಆಗುತ್ತದೆ, ಅಲ್ವಾ?

ಇಷ್ಟು ವರ್ಷ ಪಳಗಿದ ಕಿವಿಗೆ ಸಂಶೋಧನೆಯಲ್ಲಿ ಬೆಲೆ ಇಲ್ವಾ? ಇದ್ದರೆ ಅದನ್ನು ವಿಧಾನದ ಅಧ್ಯಾಯದಲ್ಲಿ ಹೇಗೆ ಬರೆಯುವುದು?

ವೀಣೆತಂತಿ

ಖಂಡಿತ ಇದೆ. ಗಮಕ, ಅಂದರೆ ಸ್ವರವನ್ನು ಅಲುಗಿಸಿ ಜಾರಿಸಿ ಹಾಡುವ ಬಗೆ, ಎಲ್ಲಿ ಶುರುವಾಯಿತು, ಎಲ್ಲಿ ಮುಗಿಯಿತು ಅಂತ ಹೇಳಲು ಹಾಡಿ ಗೊತ್ತಿರಬೇಕು. ಯಂತ್ರಕ್ಕೆ ಅದು ಬರೀ ಡೊಂಕು ಗೆರೆ. ಕೈಯಲ್ಲಿ ವಾದ್ಯ ಹಿಡಿಯದವರು ವಿಧಾನದ ಪಾಠ ಹೇಳುವುದು ಜಾಸ್ತಿಯಾಗಿದೆ. ನೀವು ಹಿಂಜರಿಯಬೇಡಿ.

ಗ್ರಾಫ್‌ಪ್ರೇಮಿ

@ವೀಣೆತಂತಿ, ಕಿವಿಯನ್ನು ಅಷ್ಟು ನಂಬಬೇಡಿ. ಜಾಯ್ಸ್ ಹ್ಯಾಟೊ ಪ್ರಕರಣ ಕೇಳಿದ್ದೀರಾ? ಬ್ರಿಟನ್ನಿನ ಪಿಯಾನೊ ವಾದಕಿ. ಅವರ ಹೆಸರಿನಲ್ಲಿ ನೂರಕ್ಕೂ ಹೆಚ್ಚು ಸಿಡಿಗಳು ಬಂದವು. ವಿಮರ್ಶಕರು ಬಾಯಿತುಂಬ ಹೊಗಳಿದರು. 2007ರಲ್ಲಿ ಗೊತ್ತಾಯಿತು, ಅವು ಬೇರೆ ಬೇರೆ ವಾದಕರ ಧ್ವನಿಮುದ್ರಣಗಳ ನಕಲು. ಅದೇ ಹೊತ್ತಿಗೆ ನಿಕೊಲಸ್ ಕುಕ್ ಮತ್ತು ಕ್ರೇಗ್ ಸ್ಯಾಪ್ ಶೋಪ್ಯಾನನ ಮಝುರ್ಕಾ ಅನ್ನುವ ಪಿಯಾನೊ ರಚನೆಗಳನ್ನು ಅಭ್ಯಾಸ ಮಾಡುತ್ತಿದ್ದರು. ಒಂದೊಂದು ಮುದ್ರಣದಲ್ಲೂ ಪ್ರತಿ ಬೀಟ್ ಎಲ್ಲಿ ಬೀಳುತ್ತದೆ ಅಂತ ಅಳೆದು, ಒಂದರ ಜೊತೆ ಇನ್ನೊಂದನ್ನು ಹೋಲಿಸುತ್ತಿದ್ದರು. ಹ್ಯಾಟೊ ಹೆಸರಿನ ಮಝುರ್ಕಾಗಳು ಯುಜೀನ್ ಇಂಜಿಕ್ ನುಡಿಸಿದ್ದರ ಜೊತೆ ಹೊಂದಿಕೊಂಡುಬಿಟ್ಟವು. ಇಬ್ಬರು ಮನುಷ್ಯರು ಅಷ್ಟು ಒಂದೇ ಥರ ನುಡಿಸಲು ಸಾಧ್ಯವೇ ಇಲ್ಲ. ಎಷ್ಟೊಂದು ಪಳಗಿದ ಕಿವಿಗಳು ಅದನ್ನು ಹಿಡಿಯಲಿಲ್ಲ.

ನಾದಲೋಲೆಯವರೇ, ಸಾನಿಕ್ ವಿಶುವಲೈಸರ್ ಅನ್ನುವ ಸಾಫ್ಟ್‌ವೇರ್ ಇಳಿಸಿಕೊಳ್ಳಿ, ಉಚಿತ. ಧ್ವನಿಮುದ್ರಣ ತೆರೆದರೆ ಶ್ರುತಿಯ ಗೆರೆ, ಲಯದ ಗುರುತು ಎಲ್ಲ ಹಾಕಬಹುದು. ಪ್ರಾಟ್ ಇನ್ನೊಂದಿದೆ, ಭಾಷಾವಿಜ್ಞಾನದವರಿಗಾಗಿ ಮಾಡಿದ್ದು, ಒಂಟಿ ದನಿಗೆ ಚೆನ್ನಾಗಿದೆ.

ವೀಣೆತಂತಿ

ಕಳ್ಳತನ ಹಿಡಿಯುವುದು ಬೇರೆ, ಸಂಗೀತ ಅರ್ಥ ಮಾಡಿಕೊಳ್ಳುವುದು ಬೇರೆ. ಇವರ ಪ್ರಶ್ನೆ ಎರಡನೆಯದು.

ಹಳೇ_ತಟ್ಟೆ

ಇಬ್ಬರೂ ಸ್ವಲ್ಪ ತಡೆಯಿರಿ. ಕಿವಿ ಇರಲಿ, ಯಂತ್ರ ಇರಲಿ, ಮೊದಲು ಕೇಳುತ್ತಿರುವ ಧ್ವನಿಮುದ್ರಣವೇ ಸರಿ ಇದೆಯಾ ಅಂತ ನೋಡಬೇಡವೇ?

78 ಆರ್‌ಪಿಎಂ (ನಿಮಿಷಕ್ಕೆ 78 ಸುತ್ತು) ಅಂತ ನಾವು ಕರೆಯುವ ಗ್ರಾಮೊಫೋನ್ ತಟ್ಟೆಗಳೆಲ್ಲ 78ರಲ್ಲೇ ಮುದ್ರಣವಾದವಲ್ಲ. ಆರಂಭದ ದಶಕಗಳಲ್ಲಿ ಕಂಪನಿಯಿಂದ ಕಂಪನಿಗೆ, ಕೆಲವೊಮ್ಮೆ ಒಂದು ದಿನದಿಂದ ಇನ್ನೊಂದು ದಿನಕ್ಕೆ ವೇಗ ಬೇರೆ ಇರುತ್ತಿತ್ತು. 74ರಲ್ಲಿ ಮುದ್ರಿಸಿದ್ದನ್ನು 78ರಲ್ಲಿ ತಿರುಗಿಸಿದರೆ ಶ್ರುತಿ ಸುಮಾರು 91 ಸೆಂಟ್ (ಅರ್ಧ ಸ್ವರದ ಅಂತರ ಅಂದರೆ 100 ಸೆಂಟ್) ಮೇಲೇರುತ್ತದೆ. ಹೆಚ್ಚೂಕಡಿಮೆ ಅರ್ಧ ಸ್ವರ! ಲಯವೂ ಶೇಕಡಾ 5ಕ್ಕಿಂತ ಜಾಸ್ತಿ ವೇಗವಾಗುತ್ತದೆ. "ಹಿಂದಿನವರು ಎತ್ತರದ ಶ್ರುತಿಯಲ್ಲಿ ಚುರುಕಾಗಿ ಹಾಡುತ್ತಿದ್ದರು" ಅಂತ ಬರೆದುಬಿಟ್ಟರೆ, ನೀವು ಬರೆದಿದ್ದು ಗಾಯಕರ ಬಗ್ಗೆ ಅಲ್ಲ, ತಟ್ಟೆ ತಿರುಗಿಸಿದ ಮೋಟರಿನ ಬಗ್ಗೆ.

ಇನ್ನೂ ಇದೆ. 10 ಇಂಚಿನ ತಟ್ಟೆಯ ಒಂದು ಬದಿಗೆ ಸುಮಾರು 3 ನಿಮಿಷ. 12 ಇಂಚಿನದಾದರೆ 4 ನಿಮಿಷದ ಆಸುಪಾಸು. ಅರ್ಧ ಗಂಟೆ ಬೆಳೆಸುವ ರಾಗವನ್ನು ಅಷ್ಟರಲ್ಲಿ ಮುಗಿಸಬೇಕಿತ್ತು. ಗಾಯಕರು ಚರಣ ಬಿಡುತ್ತಿದ್ದರು, ಲಯ ಏರಿಸುತ್ತಿದ್ದರು. ತಟ್ಟೆಯ ಮೇಲೆ ಇರುವುದು ತಟ್ಟೆಗಾಗಿ ಹಾಡಿದ್ದು. ಕಛೇರಿಯಲ್ಲೂ ಹಾಗೇ ಹಾಡುತ್ತಿದ್ದರು ಅನ್ನಲು ಬೇರೆ ಸಾಕ್ಷಿ ಬೇಕು.

1925ಕ್ಕೆ ಮೊದಲಿನದಾದರೆ ಮೈಕ್ ಕೂಡ ಇಲ್ಲ. ದೊಡ್ಡ ಕಹಳೆಯ ಮುಂದೆ ನಿಂತು ಗಟ್ಟಿಯಾಗಿ ಹಾಡಬೇಕಿತ್ತು. ಪಿಟೀಲಿನ ದನಿ ಸಾಲದೆ ಅದಕ್ಕೇ ಒಂದು ಲೋಹದ ಕಹಳೆ ಜೋಡಿಸಿದ ಸ್ಟ್ರೋ ಪಿಟೀಲು ಬಳಸುತ್ತಿದ್ದರು. ಆ ಕಾಲದ ಮುದ್ರಣ ಕೇಳಿ "ಆಗ ಮೆಲುದನಿಯ ಗಾಯನ ಇರಲಿಲ್ಲ" ಅಂತ ತೀರ್ಮಾನಿಸಲು ಆಗುತ್ತದಾ?

ನಾದಲೋಲೆ

@ಹಳೇ_ತಟ್ಟೆ, ಇದು ತುಂಬಾ ಉಪಯೋಗ. ನನ್ನ ಹತ್ತಿರ ಇರುವುದೆಲ್ಲ ಯಾರೋ ಡಿಜಿಟಲ್ ಮಾಡಿ ಹಾಕಿದ ಕಡತಗಳು. ಯಾವ ವೇಗದಲ್ಲಿ ತಿರುಗಿಸಿದರು ಅನ್ನುವ ಮಾಹಿತಿ ಯಾವುದರ ಜೊತೆಯೂ ಇಲ್ಲ.

ಹಳೇ_ತಟ್ಟೆ

ಹಾಗಾದರೆ ಪರಮ ಶ್ರುತಿಯ, ಅಂದರೆ ಅವರು ನಿಜವಾಗಿ ಎಷ್ಟು ಎತ್ತರದಲ್ಲಿ ಹಾಡಿದರು ಅನ್ನುವುದರ ಬಗ್ಗೆ ಏನೂ ಹೇಳಬೇಡಿ. ಷಡ್ಜದಿಂದ ಇತರ ಸ್ವರಗಳ ಅಂತರ ಮಾತ್ರ ಅಳೆಯಿರಿ. ವೇಗ ಬದಲಾದರೂ ಅನುಪಾತ ಬದಲಾಗುವುದಿಲ್ಲ. ಲಯದಲ್ಲೂ ಹಾಗೇ. ನಿಮಿಷಕ್ಕೆ ಎಷ್ಟು ಬೀಟ್ ಅನ್ನುವುದನ್ನು ಬಿಡಿ. ಪಲ್ಲವಿಗಿಂತ ಚರಣದಲ್ಲಿ ಎಷ್ಟು ವೇಗ ಏರಿತು ಅನ್ನುವುದನ್ನು ಹೋಲಿಸಿ. ಅದಕ್ಕೆ ಮೋಟರಿನ ಹಂಗಿಲ್ಲ.

ಓದುಗ_ಮಾತ್ರ

ಶ್ರುತಿಯ ಮಾತು ಬಂತಲ್ಲ, ಒಂದು ಸಂದೇಹ. ಪಾಶ್ಚಾತ್ಯ ವಾದ್ಯಗಳ ಶ್ರುತಿ ಹೊಂದಿಸುವ 'ಎ' ಸ್ವರಕ್ಕೆ 432 ಹರ್ಟ್ಸ್ ಪ್ರಕೃತಿಯ ಕಂಪನ, 440 ಮನಸ್ಸಿಗೆ ಕೆಟ್ಟದ್ದು ಅಂತ ಎಲ್ಲ ಕಡೆ ಓದುತ್ತೇನೆ. ಇದರ ಮೇಲೆ ಸಂಶೋಧನೆ ಆಗಿದೆಯಾ?

ಗ್ರಾಫ್‌ಪ್ರೇಮಿ

ಹರ್ಟ್ಸ್ ಅಂದರೆ ಒಂದು ಸೆಕೆಂಡಿಗೆ ಎಷ್ಟು ಕಂಪನ ಅನ್ನುವ ಲೆಕ್ಕ. ಸೆಕೆಂಡು ಮನುಷ್ಯ ಮಾಡಿಕೊಂಡ ಅಳತೆ. ಅದನ್ನು ಸ್ವಲ್ಪ ಉದ್ದ ಮಾಡಿಕೊಂಡಿದ್ದರೆ 432 ಬೇರೆ ಸಂಖ್ಯೆ ಆಗಿರುತ್ತಿತ್ತು. ಪ್ರಕೃತಿಗೆ ಆ ಸಂಖ್ಯೆ ಗೊತ್ತಿಲ್ಲ.

ಹಸ್ತಪ್ರತಿ_ಹುಡುಕಿ

ಇತಿಹಾಸವೂ ಸರಳವಾಗಿದೆ. ಫ್ರಾನ್ಸ್ 1859ರಲ್ಲಿ 435 ಅಂತ ಕಾನೂನು ಮಾಡಿತು. 1939ರಲ್ಲಿ ಲಂಡನ್ನಿನಲ್ಲಿ ನಡೆದ ಅಂತರರಾಷ್ಟ್ರೀಯ ಸಮ್ಮೇಳನ 440 ಒಪ್ಪಿತು. ಅದಕ್ಕೂ ಹಿಂದೆ ಊರಿಗೊಂದು, ಚರ್ಚಿನ ಆರ್ಗನ್ನಿಗೊಂದು ಶ್ರುತಿ ಇತ್ತು. ವಾದ್ಯಗಳು ಕೂಡಿ ನುಡಿಸಲು ಮಾಡಿಕೊಂಡ ಒಪ್ಪಂದ ಅಷ್ಟೇ.

ಮಾರ್ಗದರ್ಶಿ

ಮೂಲ ಪ್ರಶ್ನೆಗೆ ಬರೋಣ. ಸಂಗೀತದ ಪ್ರಬಂಧಗಳಿಗೆ ಮಾರ್ಗದರ್ಶನ ಮಾಡುತ್ತೇನೆ, ಹಾಗಾಗಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ನಾದಲೋಲೆಯವರೇ, ನಿಮ್ಮ ಸಮಿತಿಯ ಮೂವರೂ ಮೂರು ಬೇರೆ ಪ್ರಶ್ನೆಗಳಿಗೆ ವಿಧಾನ ಹೇಳಿದ್ದಾರೆ. ನಿಮ್ಮ ಪ್ರಶ್ನೆ ಯಾವುದು ಅಂತ ಯಾರೂ ಕೇಳಿದಂತಿಲ್ಲ. "ಏನು ಬದಲಾಗಿದೆ" ಅನ್ನುವುದು ಪ್ರಶ್ನೆಯ ಬೀಜ, ಪ್ರಶ್ನೆ ಅಲ್ಲ. ಒಂದೇ ಸ್ವರವನ್ನು ಹಿಂದಿನವರು ಎಷ್ಟು ಅಗಲವಾಗಿ ಅಲುಗಿಸುತ್ತಿದ್ದರು, ಈಗಿನವರು ಎಷ್ಟು? ಇದು ಅಳತೆಯ ಪ್ರಶ್ನೆ. ಸಾಫ್ಟ್‌ವೇರ್ ಬೇಕೇ ಬೇಕು. ಗಾಯಕರು ಯಾಕೆ ಬದಲಿಸಿದರು, ಬದಲಿಸಿದ್ದು ಅವರಿಗೆ ಗೊತ್ತಿದೆಯಾ? ಇದಕ್ಕೆ ಗ್ರಾಫ್ ಏನೂ ಹೇಳುವುದಿಲ್ಲ, ಹೋಗಿ ಮಾತಾಡಬೇಕು. ಕೇಳುವವರಿಗೆ ಆ ಬದಲಾವಣೆ ಗೊತ್ತಾಗುತ್ತದಾ? ಇದಕ್ಕೆ ಕೇಳುಗರನ್ನು ಕೂರಿಸಿ ಪ್ರಯೋಗ ಮಾಡಬೇಕು. ಯಾವ ಪ್ರಶ್ನೆಗೆ ಉತ್ತರ ಸಿಗದಿದ್ದರೆ ನಿಮಗೆ ನಿದ್ದೆ ಬರುವುದಿಲ್ಲವೋ ಅದನ್ನು ಹಿಡಿಯಿರಿ. ವಿಧಾನ ಅದರ ಹಿಂದೆ ತಾನಾಗಿ ಬರುತ್ತದೆ.

ಇನ್ನು ಕಿವಿ. ನಿಮ್ಮ ಕಿವಿ ಒಂದು ಉಪಕರಣ. ಉಪಕರಣಕ್ಕೆ ಬೆಲೆ ಇದೆಯಾ ಅನ್ನುವುದು ತಪ್ಪು ಜಗಳ. ಅದು ಕೊಟ್ಟ ಫಲಿತಾಂಶವನ್ನು ಇನ್ನೊಬ್ಬರು ಪರಿಶೀಲಿಸಬಹುದಾ ಅನ್ನುವುದು ಸರಿಯಾದ ಪ್ರಶ್ನೆ. ರಸಿಕರಿಗೂ ಸಂಶೋಧಕರಿಗೂ ಇರುವ ವ್ಯತ್ಯಾಸ ಅಷ್ಟೇ. ರಸಿಕರು "ಇಲ್ಲಿ ಗಮಕ ಕಡಿಮೆ" ಅಂದರೆ ಮಾತು ಮುಗಿಯಿತು. ನೀವು ಹಾಗಂದರೆ ಯಾವ ಮುದ್ರಣ, ಎಷ್ಟನೇ ಸೆಕೆಂಡು, ಕಡಿಮೆ ಅಂದರೆ ಯಾವುದಕ್ಕಿಂತ, ಯಾವುದನ್ನು ಗಮಕ ಅಂತ ಎಣಿಸಿದಿರಿ, ಯಾವುದನ್ನು ಬಿಟ್ಟಿರಿ, ಎಲ್ಲ ಬರೆದಿರಬೇಕು. ಓದುವವರು ಅದೇ ಜಾಗಕ್ಕೆ ಹೋಗಿ ಕೇಳಿ "ಇಲ್ಲ, ನನಗೆ ಹಾಗೆ ಕೇಳಿಸಲಿಲ್ಲ" ಅನ್ನಲು ದಾರಿ ಇರಬೇಕು.

ಬರೆಯುವುದು ಹೇಗೆ? ಮೊದಲು ಗುರುತಿಸುವ ನಿಯಮಗಳನ್ನು ಒಂದು ಪುಟದಲ್ಲಿ ಬರೆಯಿರಿ. ನಾಲ್ಕೈದು ಮುದ್ರಣಗಳ ಮೇಲೆ ಪ್ರಯತ್ನಿಸಿ, ನಿಯಮ ತಿದ್ದಿ. ಆಮೇಲೆ ಎಲ್ಲವನ್ನೂ ಗುರುತಿಸಿ. ಅದರಲ್ಲಿ ಒಂದು ಭಾಗವನ್ನು, ಐದನೇ ಒಂದರಷ್ಟು ಆದರೂ, ಇನ್ನೊಬ್ಬ ಪಳಗಿದ ಗಾಯಕರಿಗೆ ಕೊಟ್ಟು ನಿಮ್ಮ ಗುರುತು ತೋರಿಸದೆ ಗುರುತಿಸಲು ಹೇಳಿ. ಎಷ್ಟು ಹೊಂದುತ್ತದೆ ನೋಡಿ. ಇದಕ್ಕೆ ಕೊಹೆನ್ ಕಪ್ಪಾ ಅನ್ನುವ ಅಳತೆ ಇದೆ, 1960ರಿಂದ ಬಳಕೆಯಲ್ಲಿದೆ. ಆಕಸ್ಮಿಕವಾಗಿ ಹೊಂದುವುದನ್ನು ಕಳೆದು ನಿಜವಾದ ಒಪ್ಪಿಗೆ ಎಷ್ಟು ಅಂತ ಹೇಳುತ್ತದೆ. ಒಪ್ಪಿಗೆ ಚೆನ್ನಾಗಿದ್ದರೆ ನಿಮ್ಮ ಕಿವಿ ವಿಧಾನ ಆಯಿತು. ಯಾವ ಸಮಿತಿಯೂ ಅದನ್ನು ತಳ್ಳಿಹಾಕಲು ಆಗುವುದಿಲ್ಲ.

ವೀಣೆತಂತಿ

ಇದನ್ನು ಒಪ್ಪುತ್ತೇನೆ. ಆದರೆ ಎರಡನೆಯವರೂ ಅದೇ ಗುರುಪರಂಪರೆಯವರಾದರೆ? ಇಬ್ಬರ ಕಿವಿಯೂ ಒಂದೇ ಕಡೆ ವಾಲಿರುತ್ತದೆ. ಒಪ್ಪಿಗೆ ಬರುತ್ತದೆ, ಅದರಿಂದ ಏನೂ ಸಾಬೀತಾಗುವುದಿಲ್ಲ.

ಮಾರ್ಗದರ್ಶಿ

@ವೀಣೆತಂತಿ ಹೇಳಿದ್ದು ಸರಿ. ಬೇರೆ ಪರಂಪರೆಯವರನ್ನೇ ಆರಿಸಿ. ಒಪ್ಪಿಗೆ ಮುರಿದ ಜಾಗಗಳನ್ನು ಪ್ರಬಂಧದಲ್ಲಿ ಮುಚ್ಚಿಡಬೇಡಿ, ಅಲ್ಲೇ ಒಳ್ಳೆಯ ಅಧ್ಯಾಯ ಇರುತ್ತದೆ.

ಹಸ್ತಪ್ರತಿ_ಹುಡುಕಿ

ಇದಕ್ಕೆ ಹೊಂದುವ ಉದಾಹರಣೆ ಇದೆ. 1964ರಲ್ಲಿ ಎಥ್ನೊಮ್ಯೂಸಿಕಾಲಜಿ (ಬೇರೆ ಬೇರೆ ಜನರ ಸಂಗೀತದ ಅಧ್ಯಯನ) ಪತ್ರಿಕೆಯಲ್ಲಿ ಒಂದು ಲಿಪೀಕರಣ ಗೋಷ್ಠಿ ಅಚ್ಚಾಯಿತು. ಆಫ್ರಿಕಾದ ಒಂದು ಹಾಡು, ಜೊತೆಗೆ ಬಿಲ್ಲಿನ ವಾದ್ಯ. ಅದೇ ಮುದ್ರಣವನ್ನು ಗಾರ್ಫಿಯಾಸ್, ಕೊಲಿನ್ಸ್ಕಿ, ಲಿಸ್ಟ್, ರೋಡ್ಸ್ ಅನ್ನುವ ನಾಲ್ವರು ನುರಿತವರು ಸ್ವರಲಿಪಿಗೆ ಇಳಿಸಿದರು. ನಾಲ್ಕೂ ಬೇರೆ ಬೇರೆ ಬಂದವು. ಯಾರೂ ಅಜಾಗರೂಕರಲ್ಲ. ಒಬ್ಬೊಬ್ಬರೂ ಯಾವುದು ಮುಖ್ಯ ಅಂತ ಬೇರೆ ತೀರ್ಮಾನ ಮಾಡಿದ್ದರು. ಲಿಪಿಗೆ ಇಳಿಸುವುದೇ ಒಂದು ವಿಶ್ಲೇಷಣೆ ಅಂತ ಅದನ್ನು ನೋಡಿದವರಿಗೆ ಬೇರೆ ಹೇಳಬೇಕಿಲ್ಲ.

ಚಾರ್ಲ್ಸ್ ಸೀಗರ್ 1958ರಲ್ಲೇ ಒಂದು ಭೇದ ಹೇಳಿದ್ದರು. ಹೀಗೆ ಹಾಡಿ ಅಂತ ಹೇಳುವ ಲಿಪಿ ಒಂದು. ಹೀಗೆ ಹಾಡಿದರು ಅಂತ ದಾಖಲಿಸುವ ಲಿಪಿ ಇನ್ನೊಂದು. ನಾವು ಪಾಠಕ್ಕೆ ಬಳಸುವ ಸ್ವರಲಿಪಿ ಮೊದಲನೆಯ ಬಗೆ. ಅದನ್ನೇ ಮೂರು ತಲೆಮಾರಿನ ಹೋಲಿಕೆಗೆ ಬಳಸಿದರೆ ಮೂವರೂ ಒಂದೇ ಥರ ಹಾಡಿದಂತೆ ಕಾಣುತ್ತದೆ, ಯಾಕೆಂದರೆ ವ್ಯತ್ಯಾಸ ಇರುವ ಜಾಗವನ್ನು ಆ ಲಿಪಿ ಬರೆಯುವುದೇ ಇಲ್ಲ.

ಗ್ರಾಫ್‌ಪ್ರೇಮಿ

ಅದಕ್ಕೇ ಗ್ರಾಫ್ ಬೇಕು ಅಂತ ನಾನು ಹೇಳಿದ್ದು.

ವೀಣೆತಂತಿ

ಗ್ರಾಫಿನಲ್ಲಿ ಸ್ವರ ಎಲ್ಲಿ ಮುಗಿದು ಮುಂದಿನದು ಎಲ್ಲಿ ಶುರುವಾಯಿತು ಅಂತ ಗೆರೆ ಎಳೆಯುವವರು ಯಾರು? ನೀವು. ಯಾವುದನ್ನು ಕೇಳಿ? ನಿಮ್ಮ ಕಿವಿಯಲ್ಲಿ.

ಗ್ರಾಫ್‌ಪ್ರೇಮಿ

ನಿಜ, ಅದನ್ನು ಅಲ್ಲಗಳೆಯುತ್ತಿಲ್ಲ. ಸಾಫ್ಟ್‌ವೇರಿಗೂ ಮಿತಿ ಇದೆ. ಹಿಂದೆ ತಂಬೂರಿ, ಪಕ್ಕದಲ್ಲಿ ಪಿಟೀಲು ಇದ್ದರೆ ಶ್ರುತಿ ಹಿಡಿಯುವ ಅಲ್ಗಾರಿದಂ ಯಾರ ದನಿ ಹಿಡಿಯಬೇಕು ಅಂತ ತಡಬಡಿಸುತ್ತದೆ. ಒಂದು ಸ್ಥಾಯಿ ಮೇಲೋ ಕೆಳಗೋ ಜಿಗಿಯುವುದು ಮಾಮೂಲಿ. ತಟ್ಟೆಯ ಗರಗರ ಸದ್ದು ಇದ್ದರಂತೂ ಇನ್ನೂ ಕಷ್ಟ. ಬಂದ ಗೆರೆಯನ್ನು ಮುದ್ರಣದ ಜೊತೆ ಕೇಳಿ, ತಪ್ಪು ಬಿಂದುಗಳನ್ನು ಕೈಯಿಂದ ತೆಗೆಯಬೇಕು. ಎಷ್ಟು ತೆಗೆದಿರಿ, ಯಾವ ನಿಯಮದಲ್ಲಿ ತೆಗೆದಿರಿ ಅಂತಲೂ ಬರೆಯಬೇಕು. ಸಾಫ್ಟ್‌ವೇರಿನ ಆವೃತ್ತಿ ಸಂಖ್ಯೆ, ಆರಿಸಿಕೊಂಡ ಸೆಟ್ಟಿಂಗ್ ಎಲ್ಲ ಅನುಬಂಧದಲ್ಲಿ ಇರಲಿ.

ಒಂದು ವಿಷಯ ನನಗೆ ತುಂಬಾ ಇಷ್ಟ. ಸಪ್ತಕವನ್ನು 1200 ಸೆಂಟ್ ಮಾಡಿ ಅಳೆಯುವ ಪದ್ಧತಿಯನ್ನು 1885ರಲ್ಲಿ ಹಲವು ದೇಶಗಳ ಸ್ವರಶ್ರೇಣಿಗಳಿಗೆ ಅನ್ವಯಿಸಿ ತೋರಿಸಿದವರು ಅಲೆಕ್ಸಾಂಡರ್ ಎಲ್ಲಿಸ್. ಅವರಿಗೆ ಸ್ವರ ಗುರುತಿಸುವ ಕಿವಿ ಇರಲಿಲ್ಲ. ಪಿಯಾನೊ ಶ್ರುತಿ ಮಾಡುವುದರಲ್ಲಿ ನಿಪುಣರಾಗಿದ್ದ ಹಿಪ್‌ಕಿನ್ಸ್ ಅವರ ಕಿವಿಯನ್ನು ನಂಬಿಕೊಂಡು ಕೆಲಸ ಮಾಡಿದರು. ಅಳತೆಯೂ ಕಿವಿಯೂ ಆಗಿನಿಂದಲೇ ಜೊತೆಗಿವೆ.

ವೀಣೆತಂತಿ

ಇದನ್ನು ಮೊದಲೇ ಹೇಳಿದ್ದರೆ ಜಗಳವೇ ಇರುತ್ತಿರಲಿಲ್ಲ.

ಅಲೆಮಾರಿ_ಧ್ವನಿ

ಕ್ಷೇತ್ರಕಾರ್ಯದ ಕಡೆಯಿಂದ ಎರಡು ಮಾತು. ಗಾಯಕರನ್ನು ಮಾತಾಡಿಸುವಾಗ "ನೀವು ಈ ಸ್ವರವನ್ನು ಹೇಗೆ ಹಾಡುತ್ತೀರಿ?" ಅಂತ ಕೇಳಬೇಡಿ. ಗುರುಗಳು ಹೇಳಿಕೊಟ್ಟ ಹಾಗೆ ಅನ್ನುತ್ತಾರೆ, ಅಲ್ಲಿಗೆ ಮುಗಿಯಿತು. ಹಳೆಯ ಮುದ್ರಣ ಹಾಕಿ, ಜೊತೆಗೆ ಕೂತು ಕೇಳಿ, ಅವರು ಎಲ್ಲಿ ತಲೆದೂಗುತ್ತಾರೆ, ಎಲ್ಲಿ ಹುಬ್ಬು ಗಂಟಿಕ್ಕುತ್ತಾರೆ ನೋಡಿ. ಅಲ್ಲಿ ನಿಲ್ಲಿಸಿ ಕೇಳಿ. ಆಗ ಮಾತು ತಾನಾಗಿ ಬರುತ್ತದೆ. ಒಬ್ಬ ಹಿರಿಯ ಗಾಯಕಿ ನನಗೆ ಸಂದರ್ಶನದಲ್ಲಿ ಏನನ್ನೂ ಬದಲಿಸಿಲ್ಲ ಅಂತ ಖಡಾಖಂಡಿತ ಹೇಳಿದ್ದರು. ಅವರದೇ ಹಳೆಯ ಮುದ್ರಣ ಹಾಕಿದಾಗ ಅರ್ಧಕ್ಕೆ ತಡೆದು, "ಆಗ ಇಲ್ಲಿ ಉಸಿರು ಸಾಲುತ್ತಿತ್ತು, ಅದಕ್ಕೆ ಉದ್ದ ಎಳೆಯುತ್ತಿದ್ದೆ" ಅಂದರು. ಎಷ್ಟು ಗ್ರಾಫ್ ಹಾಕಿದರೂ ಈ ಕಾರಣ ಸಿಗುತ್ತಿತ್ತಾ?

ಸ್ಟೀವನ್ ಫೆಲ್ಡ್ ಇದನ್ನು ಇನ್ನೂ ಮುಂದಕ್ಕೆ ತೆಗೆದುಕೊಂಡು ಹೋದರು. ಪಾಪುವಾ ನ್ಯೂ ಗಿನಿಯ ಕಲುಲಿ ಜನರ ಹಾಡು, ಅಳು, ಹಕ್ಕಿಗಳ ದನಿಯ ಬಗ್ಗೆ 1982ರಲ್ಲಿ ಅವರ ಪುಸ್ತಕ ಬಂತು. ಆಮೇಲೆ ಅದನ್ನು ಅಲ್ಲಿಗೇ ಒಯ್ದು, ಆ ಜನರಿಗೆ ಓದಿ ಹೇಳಿ, ಅವರ ತಕರಾರು ಕೇಳಿಕೊಂಡರು. ನೀವೂ ಕರಡನ್ನು ಹಾಡಿದವರಿಗೆ ತೋರಿಸಿ.

ಭಾರತದಲ್ಲೂ ಮೂರು ತಲೆಮಾರಿನ ವಿಷಯಕ್ಕೆ ಹತ್ತಿರದ ಕೆಲಸ ಇದೆ. ಆರ್ನಾಲ್ಡ್ ಬಾಕೆ 1938ರಲ್ಲಿ ದಕ್ಷಿಣ ಭಾರತದಲ್ಲಿ ಓಡಾಡಿ ಧ್ವನಿಮುದ್ರಣ, ಚಲನಚಿತ್ರ ಮಾಡಿದ್ದರು. 1984ರಲ್ಲಿ ನಜೀರ್ ಜೈರಾಜ್‌ಭಾಯ್ ಮತ್ತು ಏಮಿ ಕ್ಯಾಟ್ಲಿನ್ ಅದೇ ಜಾಗಗಳಿಗೆ ಮತ್ತೆ ಹೋಗಿ ಏನು ಉಳಿದಿದೆ ಅಂತ ನೋಡಿದರು. ಮರು ಅಧ್ಯಯನ ಅನ್ನುವುದು ಒಂದು ಒಪ್ಪಿತ ವಿಧಾನ. ನಿಮ್ಮ ಅಧ್ಯಾಯದಲ್ಲಿ ಅದಕ್ಕೆ ಜಾಗ ಇದೆ.

ಹೊಸ_ವಿದ್ಯಾರ್ಥಿ

ಹಾಡುವವರೇ ಸಂಶೋಧನೆ ಮಾಡಿದರೆ ಪಕ್ಷಪಾತ ಬರುವುದಿಲ್ವಾ? ಹೊರಗಿನವರೇ ಮೇಲು ಅಂತ ನಮ್ಮ ತರಗತಿಯಲ್ಲಿ ಹೇಳಿದರು.

ಅಲೆಮಾರಿ_ಧ್ವನಿ

ಹೊರಗಿನವರಿಗೂ ಪಕ್ಷಪಾತ ಇರುತ್ತದೆ, ಅದು ಬೇರೆ ಬಗೆಯದು ಅಷ್ಟೇ. ಮ್ಯಾಂಟಲ್ ಹುಡ್ 1960ರಲ್ಲಿ ದ್ವಿಸಂಗೀತ ಸಾಮರ್ಥ್ಯದ ಬಗ್ಗೆ ಬರೆದರು. ಹೊರಗಿನಿಂದ ಬಂದ ಸಂಶೋಧಕರು ಆ ಸಂಗೀತವನ್ನು ಕಲಿತು ನುಡಿಸಲೇಬೇಕು ಅನ್ನುವ ವಾದ ಅದು. ಹೊರಗಿನವರು ವರ್ಷಗಟ್ಟಲೆ ಕಲಿತು ಪಡೆಯಲು ನೋಡುವುದು ನಾದಲೋಲೆಯವರ ಹತ್ತಿರ ಆಗಲೇ ಇದೆ. ಇವರ ಕಷ್ಟ ಉಲ್ಟಾ. ತುಂಬಾ ಪರಿಚಿತವಾದದ್ದು ಕಣ್ಣಿಗೆ ಬೀಳುವುದೇ ಇಲ್ಲ. ಅದಕ್ಕೆ ಟಿಪ್ಪಣಿ ಪುಸ್ತಕ ಇಡಿ, "ಇದು ಗೊತ್ತಿರುವುದೇ" ಅನ್ನಿಸಿದ್ದನ್ನೂ ಬರೆಯಿರಿ.

ಪ್ರಯೋಗಶಾಲೆ

ಯಾರೂ ಕೇಳುಗರ ಬಗ್ಗೆ ಮಾತಾಡಲಿಲ್ಲ. ಅಡಿಪಾಯ ಹಳೆಯದು. ಗಿಡೊ ಆಡ್ಲರ್ 1885ರಲ್ಲೇ ಸಂಗೀತಶಾಸ್ತ್ರವನ್ನು ಐತಿಹಾಸಿಕ, ವ್ಯವಸ್ಥಿತ ಅಂತ ಎರಡು ಮಾಡಿದರು. ಮನೋವಿಜ್ಞಾನ, ಧ್ವನಿವಿಜ್ಞಾನ ಎರಡನೆಯದಕ್ಕೆ ಹತ್ತಿರ. 1984ರಲ್ಲಿ ಕ್ಯಾಸ್ಟೆಲಾನೊ, ಭರೂಚಾ, ಕ್ರುಮ್‌ಹಾನ್ಸಲ್ ಹಿಂದೂಸ್ತಾನಿ ರಾಗಗಳ ಮೇಲೆ ಪ್ರಯೋಗ ಮಾಡಿದರು. ರಾಗದ ತುಣುಕು ಕೇಳಿಸಿ, ಆಮೇಲೆ ಒಂದೊಂದೇ ಸ್ವರ ನುಡಿಸಿ, ಎಷ್ಟು ಹೊಂದುತ್ತದೆ ಅಂತ ಅಂಕ ಕೊಡಲು ಹೇಳಿದರು. ಯಾವ ಸ್ವರ ಹೆಚ್ಚು ಹೊತ್ತು ಕೇಳಿಸಿತು ಅನ್ನುವುದನ್ನು ಪಾಶ್ಚಾತ್ಯ ಕೇಳುಗರೂ ಹಿಡಿದರು. ಆದರೆ ಅದರ ಹಿಂದಿನ ಥಾಟಿನ (ರಾಗಗಳನ್ನು ವಿಂಗಡಿಸುವ ಮೂಲ ಸ್ವರಗುಂಪಿನ) ಚೌಕಟ್ಟು ಭಾರತೀಯ ಕೇಳುಗರ ಅಂಕಗಳಲ್ಲಿ ಮಾತ್ರ ಕಂಡಿತು. ಒಂದು ಸರಳ ಪ್ರಯೋಗ, ಎಷ್ಟು ದೊಡ್ಡ ಮಾತು ಹೇಳಿತು ನೋಡಿ.

ಓದುಗ_ಮಾತ್ರ

ಪ್ರಯೋಗ ಅಂದಾಗ ನೆನಪಾಯಿತು. ಮೊಜಾರ್ಟ್ ಕೇಳಿಸಿದರೆ ಮಕ್ಕಳು ಬುದ್ಧಿವಂತರಾಗುತ್ತಾರೆ ಅಂತ ಸಾಬೀತಾಗಿದೆ ಅಲ್ವಾ?

ಪ್ರಯೋಗಶಾಲೆ

ಇಲ್ಲ. 1993ರಲ್ಲಿ ನೇಚರ್ ಪತ್ರಿಕೆಯಲ್ಲಿ ಬಂದ ಆ ಲೇಖನದಲ್ಲಿ ಮಕ್ಕಳೇ ಇರಲಿಲ್ಲ. 36 ಕಾಲೇಜು ವಿದ್ಯಾರ್ಥಿಗಳು. ಅಳೆದಿದ್ದು ಆಕಾರಗಳನ್ನು ಮನಸ್ಸಿನಲ್ಲಿ ಕಲ್ಪಿಸಿಕೊಳ್ಳುವ ಕೆಲಸವನ್ನು ಮಾತ್ರ. ಪರಿಣಾಮ ಹತ್ತು ಹದಿನೈದು ನಿಮಿಷದಲ್ಲಿ ಹೋಯಿತು ಅಂತ ಲೇಖಕರೇ ಬರೆದಿದ್ದಾರೆ. ಆಮೇಲೆ ಹಲವು ಅಧ್ಯಯನಗಳನ್ನು ಒಟ್ಟು ಸೇರಿಸಿ ನೋಡಿದಾಗ ಪರಿಣಾಮ ಬಹಳ ಚಿಕ್ಕದು, ಮೊಜಾರ್ಟ್‌ನಿಂದಲೇ ಬಂದದ್ದು ಅನ್ನಲೂ ಆಗದು ಅಂತ ಕಂಡಿತು. ಮೂಲ ಲೇಖನ ಓದದೆ ಸುದ್ದಿ ನಂಬಿದರೆ ಹೀಗಾಗುತ್ತದೆ. ಸಾಹಿತ್ಯ ಸಮೀಕ್ಷೆ ಬರೆಯುವವರೂ ಇದನ್ನು ನೆನಪಿಡಬೇಕು.

ಹಸ್ತಪ್ರತಿ_ಹುಡುಕಿ

ಮೂಲ ನೋಡುವ ಮಾತು ಬಂದದ್ದು ಒಳ್ಳೆಯದಾಯಿತು. ಬಾಖ್‌ನ ಕಾಂಟಾಟಾಗಳ ಕಥೆ ಕೇಳಿ. ಚರ್ಚಿನ ಸ್ತೋತ್ರಗೀತೆಗಳ ಮೇಲೆ ಕಟ್ಟಿದ ಕೋರಾಲ್ ಕಾಂಟಾಟಾ ಅನ್ನುವ ಗಾಯನ ರಚನೆಗಳಲ್ಲಿ ಬಹುಪಾಲು ಅವನ ಕೊನೆಯ ವರ್ಷಗಳವು, 1730ರ ದಶಕದ ನಡುವಿನ ನಂತರದವು ಅಂತ ಬಹುಕಾಲ ನಂಬಿದ್ದರು. ಬೆಳವಣಿಗೆಯ ಕಥೆಯೂ ಅದಕ್ಕೆ ಚೆನ್ನಾಗಿ ಹೊಂದುತ್ತಿತ್ತು. 1950ರ ದಶಕದ ಕೊನೆಯಲ್ಲಿ ಆಲ್ಫ್ರೆಡ್ ಡ್ಯೂರ್ ಮತ್ತು ಗೇಯೊರ್ಗ್ ಫಾನ್ ಡಾಡೆಲ್ಸನ್ ಕಾಗದದ ನೀರ್‌ಗುರುತು, ನಕಲುಗಾರರ ಕೈಬರಹ ಹೋಲಿಸಿ ನೋಡಿದರು. ಬಹುಪಾಲು 1724 ಮತ್ತು 1725ರವು ಅಂತ ತೇಲಿತು! ಸಂಗೀತ ಕೇಳಿ "ಇದು ಪ್ರೌಢ ಕಾಲದ್ದು" ಅಂತ ಹೇಳಿದ್ದೆಲ್ಲ ಮತ್ತೆ ಬರೆಯಬೇಕಾಯಿತು.

ನಾದಲೋಲೆಯವರೇ, ನಿಮ್ಮ ರಚನೆಯ ಅಚ್ಚಾದ ಪಾಠಗಳು, ಕೈಬರಹದ ನೋಟುಪುಸ್ತಕಗಳು ಎಷ್ಟಿವೆ? ಮೂರು ತಲೆಮಾರು ಮೂರು ಬೇರೆ ಪಾಠದಿಂದ ಕಲಿತಿದ್ದರೆ? ಗಾಯನ ಬದಲಾದದ್ದಾ, ಪಾಠ ಬದಲಾದದ್ದಾ?

ನಾದಲೋಲೆ

ಎಲ್ಲರಿಗೂ ವಂದನೆ. ಈ ಚರ್ಚೆ ಓದಿ ಯೋಜನೆಯನ್ನು ಹೀಗೆ ಬದಲಿಸುತ್ತಿದ್ದೇನೆ. ಪ್ರಶ್ನೆ: ಪಲ್ಲವಿಯ ಎರಡು ನಿರ್ದಿಷ್ಟ ಜಾಗಗಳಲ್ಲಿ ಗಮಕದ ಅಗಲ ಮತ್ತು ಅವಧಿ ತಲೆಮಾರಿನಿಂದ ತಲೆಮಾರಿಗೆ ಬದಲಾಗಿದೆಯಾ, ಗಾಯಕರು ಅದಕ್ಕೆ ಏನು ಕಾರಣ ಕೊಡುತ್ತಾರೆ? ಮೊದಲು ಕೇಳಿ ಗುರುತಿಸುವುದು, ಒಂದು ಭಾಗವನ್ನು ಬೇರೆ ಪರಂಪರೆಯವರಿಂದ ಪರಿಶೀಲಿಸುವುದು, ಆಮೇಲೆ ಷಡ್ಜದಿಂದ ಅಂತರ ಅಳೆಯುವುದು. ಕೊನೆಗೆ ಮುದ್ರಣ ಕೇಳಿಸಿ ಸಂದರ್ಶನ. ಪ್ರಶ್ನಾವಳಿ ಬಿಟ್ಟೆ. ಕೇಳುಗರ ಪ್ರಯೋಗ ತುಂಬಾ ಆಸೆಯಾದರೂ ಈ ಪ್ರಬಂಧಕ್ಕೆ ಬೇಡ. ಲಿಖಿತ ಪಾಠಗಳಿಗೆ ಒಂದು ಚಿಕ್ಕ ಅಧ್ಯಾಯ ಸೇರಿಸುತ್ತೇನೆ.

ಮಾರ್ಗದರ್ಶಿ

ಚೆನ್ನಾಗಿದೆ. ಈಗ ಮುದ್ರಣಗಳನ್ನು ಹೇಗೆ ಆರಿಸಿದಿರಿ ಅಂತ ಬರೆಯಿರಿ. ಸಿಕ್ಕಿದ್ದು, ಇಷ್ಟವಾದದ್ದು ಅಂದರೆ ಆಗುವುದಿಲ್ಲ. ಆಲನ್ ಲೋಮ್ಯಾಕ್ಸ್ ಜಗತ್ತಿನ ಹಾಡುಗಳನ್ನು 37 ಅಂಶಗಳಲ್ಲಿ ಅಂಕ ಹಾಕಿ ಹೋಲಿಸಿದರು. ತುಂಬಾ ಧೈರ್ಯದ ಕೆಲಸ. ಒಂದು ಇಡೀ ಸಂಸ್ಕೃತಿಗೆ ಹತ್ತರಷ್ಟು ಹಾಡು ಸಾಕಾ ಅಂತ ಜನ ಇವತ್ತಿಗೂ ಜಗಳ ಆಡುತ್ತಾರೆ. ನಿಮ್ಮ ಹತ್ತಿರವೂ ಅದೇ ಪ್ರಶ್ನೆ ಬರುತ್ತದೆ. ಒಂದು ತಲೆಮಾರಿಗೆ ಎಷ್ಟು ಗಾಯಕರು, ಒಬ್ಬೊಬ್ಬರಿಂದ ಎಷ್ಟು ಮುದ್ರಣ? ಒಬ್ಬರೇ ಗಾಯಕರು ಬೇರೆ ದಿನ ಹಾಡಿದಾಗ ಎಷ್ಟು ವ್ಯತ್ಯಾಸ ಬರುತ್ತದೆ ಅಂತ ತಿಳಿಯದೆ ತಲೆಮಾರಿನ ವ್ಯತ್ಯಾಸ ಹೇಳಲು ಆಗುವುದಿಲ್ಲ.

ಹಳೇ_ತಟ್ಟೆ

ಯಾರು ಮುದ್ರಣಕ್ಕೆ ಹೋದರು, ಯಾರು ಹೋಗಲಿಲ್ಲ ಅನ್ನುವುದೂ ಮುಖ್ಯ. ತಟ್ಟೆಗಳು ಕಂಪನಿಗೆ ಮಾರಾಟ ಆಗುವವರನ್ನು ಉಳಿಸಿದವು. ಮುದ್ರಣ ಬೇಡ ಅಂದ ಗಾಯಕರೂ ಇದ್ದರು.

ವೀಣೆತಂತಿ

ಒಂದು ತಕರಾರು. ಎರಡೇ ಜಾಗ ಅಂದರೆ ಇಡೀ ರಚನೆಯ ಭಾವ ಕೈಬಿಟ್ಟು ಹೋಗುವುದಿಲ್ವಾ? ಒಂದು ಸಂಗತಿ (ಒಂದೇ ಸಾಲನ್ನು ಬದಲಿಸಿ ಬೆಳೆಸಿ ಹಾಡುವ ಬಗೆ) ಉದ್ದವಾದರೆ ಮುಂದಿನದು ಕುಗ್ಗುತ್ತದೆ. ಅವು ಒಂದರ ಜೊತೆ ಒಂದು ಹೊಂದಿಕೊಂಡಿರುತ್ತವೆ.

ನಾದಲೋಲೆ

ಆ ಭಯ ನನಗೂ ಇದೆ. ಆದರೆ ಎರಡು ಜಾಗದ ಬಗ್ಗೆ ಗಟ್ಟಿಯಾಗಿ ಹೇಳುವುದು, ಇಡೀ ರಚನೆಯ ಬಗ್ಗೆ ತೇಲಿಸಿ ಹೇಳುವುದಕ್ಕಿಂತ ಮೇಲು ಅನ್ನಿಸುತ್ತಿದೆ. ಆ ಸಾಲಿನ ಮುಂದಿನ ಸಂಗತಿಯನ್ನೂ ಜೊತೆಗೆ ಅಳೆಯುತ್ತೇನೆ. ನೀವು ಹೇಳಿದ ಹೊಂದಾಣಿಕೆ ನಿಜವಾಗಿ ಇದೆಯಾ ಅಂತ ಅದರಲ್ಲೇ ಗೊತ್ತಾಗುತ್ತದೆ.

ವೀಣೆತಂತಿ

ಹಾಗಾದರೆ ಸರಿ. ಎರಡನೇ ಗುರುತುಗಾರರು ಬೇಕಿದ್ದರೆ ಹೇಳಿ, ನಾನು ಬೇರೆ ಪರಂಪರೆಯವಳೇ.

ಅಲೆಮಾರಿ_ಧ್ವನಿ

ಅನುಮತಿ ಮರೆಯಬೇಡಿ. ಸಂದರ್ಶನಕ್ಕೆ ಒಂದು, ಧ್ವನಿಮುದ್ರಣಕ್ಕೆ ಒಂದು, ಆ ಮುದ್ರಣವನ್ನು ಬೇರೆಯವರಿಗೆ ಕೇಳಿಸುವುದಕ್ಕೆ ಇನ್ನೊಂದು. ಮೂರನ್ನೂ ಬೇರೆ ಬೇರೆಯಾಗಿ ಕೇಳಿ. ಆಮೇಲೆ ಮನಸ್ಸು ಬದಲಾದರೆ ಹಿಂತೆಗೆದುಕೊಳ್ಳಬಹುದು ಅಂತ ಹೇಳಿ. ಕೆಲಸ ಮುಗಿದ ಮೇಲೆ ಹಾಡಿದವರಿಗೆ ಒಂದು ಪ್ರತಿ ಕೊಡಿ. ಜೆಸ್ಸಿ ವಾಲ್ಟರ್ ಫ್ಯೂಕ್ಸ್ 1890ರಲ್ಲಿ ಪಸ್ಸಮಕ್ವಾಡಿ ಜನರ ಹಾಡುಗಳನ್ನು ಮೇಣದ ಸಿಲಿಂಡರಿನಲ್ಲಿ ಹಿಡಿದರು. ಆಮೇಲೆ ಇಂಥ ಸಿಲಿಂಡರುಗಳು ಸಾವಿರಗಟ್ಟಲೆ ಸೇರಿದವು. ಪ್ರತಿಗಳನ್ನು ಮೂಲ ಸಮುದಾಯಗಳಿಗೆ ಮುಟ್ಟಿಸುವ ಕೆಲಸವನ್ನು ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಕೈಗೆತ್ತಿಕೊಂಡಿದ್ದು 1979ರಲ್ಲಿ. ಅಷ್ಟು ಹೊತ್ತಿಗೆ ಹಾಡಿದವರಲ್ಲಿ ಬಹುಪಾಲು ಜನ ಉಳಿದಿರಲಿಲ್ಲ.

ಹೊಸ_ವಿದ್ಯಾರ್ಥಿ

ಮುದ್ರಣ ಎಂಪಿ3ಯಲ್ಲಿ ಮಾಡಿದರೆ ಸಾಕಾ?

ಗ್ರಾಫ್‌ಪ್ರೇಮಿ

ಬೇಡ. ವೇವ್ ಕಡತ, 24 ಬಿಟ್, 48 ಕಿಲೋಹರ್ಟ್ಸ್. ಎಂಪಿ3 ಜಾಗ ಉಳಿಸಲು ಧ್ವನಿಯ ಕೆಲವು ಭಾಗ ಬಿಸಾಕುತ್ತದೆ, ಮತ್ತೆ ಬರುವುದಿಲ್ಲ. ಮೂರು ಪ್ರತಿ ಇಡಿ, ಒಂದು ಬೇರೆ ಜಾಗದಲ್ಲಿ ಇರಲಿ. ಕಡತದ ಹೆಸರಿನಲ್ಲೇ ದಿನಾಂಕ ಬರಲಿ. ಟಿಪ್ಪಣಿ ಹಾಕಲು ಇಲಾನ್ ಅನ್ನುವ ಸಾಫ್ಟ್‌ವೇರ್ ನೋಡಿ, ಗಮಕಕ್ಕೆ ಒಂದು ಪದರ, ಸಾಹಿತ್ಯಕ್ಕೆ ಒಂದು, ಗಾಯಕರ ಮಾತಿಗೆ ಒಂದು ಅಂತ ಮಾಡಿಕೊಳ್ಳಬಹುದು.

ನಾದಲೋಲೆ

@ಹಳೇ_ತಟ್ಟೆ, ಕೊನೆಯ ಪ್ರಶ್ನೆ. ಮೊದಲ ತಲೆಮಾರಿನ ಎರಡು ಮುದ್ರಣಗಳ ಮೂಲ ತಟ್ಟೆ ಒಬ್ಬ ಸಂಗ್ರಹಕಾರರ ಹತ್ತಿರ ಇದೆ ಅಂತ ಗೊತ್ತಾಗಿದೆ. ನೋಡಲು ಬಿಡುತ್ತಾರಂತೆ. ಹೋದಾಗ ಏನು ಗಮನಿಸಬೇಕು?

ಹಳೇ_ತಟ್ಟೆ

ಲೇಬಲ್ ಪೂರ್ತಿ ಫೋಟೊ ತೆಗೆಯಿರಿ, ಎರಡೂ ಬದಿ. ಲೇಬಲ್ಲಿನ ಸುತ್ತ ಖಾಲಿ ಜಾಗದಲ್ಲಿ ಮ್ಯಾಟ್ರಿಕ್ಸ್ ಸಂಖ್ಯೆ, ಅಂದರೆ ಆ ಮುದ್ರಣಕ್ಕೆ ಕಂಪನಿ ಕೊಟ್ಟ ಗುರುತಿನ ಸಂಖ್ಯೆ, ಕೊರೆದಿರುತ್ತದೆ. ಟಾರ್ಚನ್ನು ಓರೆಯಾಗಿ ಹಿಡಿದರೆ ಓದಲು ಬರುತ್ತದೆ. ಮುದ್ರಣದ ಕಾಲ ಹುಡುಕಲು ಅದೇ ದಾರಿ. ಲೇಬಲ್ ಬಣ್ಣ ನಂಬಬೇಡಿ, ಹಳೆಯ ಮುದ್ರಣವನ್ನೇ ಎಷ್ಟೋ ವರ್ಷದ ಮೇಲೆ ಹೊಸ ಲೇಬಲ್ಲಿನಲ್ಲಿ ಒತ್ತುತ್ತಿದ್ದರು. ಸಂಖ್ಯೆಯ ಹಿಂದೆ ಮುಂದೆ ಚಿಕ್ಕ ಅಕ್ಷರ ಇದ್ದರೆ ಅದನ್ನೂ ಬರೆದುಕೊಳ್ಳಿ. ಸಿಕ್ಕ ಮೇಲೆ ಇಲ್ಲಿ ಹಾಕಿ, ನನ್ನ ಹತ್ತಿರ ಇರುವ ಪಟ್ಟಿಗಳ ಜೊತೆ ಹೋಲಿಸಿ ನೋಡುತ್ತೇನೆ.